ಉಪ್ಪು ಕುಡಿದ ಸೀಟು: ಶರಾವತಿ ಅಳಿವೆಯ ಒಂದು ಬೋಟಿನ ಪ್ರಕರಣ

ಹುಬ್ಬೆ ಮಳೆ ಒಂದು ದಿನ ಬಿಡುವು ಕೊಟ್ಟಿತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಫೋನು ಬಂತು.

“ತಂಗಿ, ಒಂದ್ಸಲ ಬಂದು ನೋಡ್ಕಂಡು ಹೋಗು. ಬೋಟಿನ ಸೀಟೆಲ್ಲ ಕರ್ರಗಾಗಿ ಕೂತಿದೆ. ಎಲ್ಲಾ ಕಿತ್ತು ಹೊಸ ರೆಕ್ಸಿನ್ ಹಾಕಿದ್ರೆ ಎಷ್ಟಾಗ್ತದೆ ಹೇಳು. ದಸರಾ ರಜೆಗೆ ಬೋಟು ನೀರಿಗೆ ಇಳೀಬೇಕು.”

ಫೋನು ಮಾಡಿದ ಅಣ್ಣ ಹೊನ್ನಾವರದ ಹತ್ತಿರದವರು. ಮೊದಲು ಮೀನುಗಾರಿಕೆ ಮಾಡುತ್ತಿದ್ದರು. ಈಗ ಕೆಲವು ವರ್ಷಗಳಿಂದ ಪ್ರವಾಸಿಗರನ್ನು ಕೂರಿಸಿಕೊಂಡು ಶರಾವತಿ ಅಳಿವೆಯಲ್ಲಿ ಸುತ್ತಿಸುತ್ತಾರೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇಲ್ಲೇ ಇದೆ, 2 ಕಿಲೋಮೀಟರಿಗಿಂತ ಜಾಸ್ತಿ. ಅದನ್ನು ತೋರಿಸಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕದಲ್ಲಿ ಒಂದು ಸುತ್ತು ಹಾಕಿಸಿ ತರುತ್ತಾರೆ. ಬೋಟು ಫೈಬರಿನದ್ದು, 28 ಅಡಿ. ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು.

ನಾನು ಕುಶನ್ ಕೆಲಸದವಳು. ರವಿಕೆ ಹೊಲಿಯುತ್ತಾ ಶುರು ಮಾಡಿದೆ. ಆಮೇಲೆ ಆಟೋ ಸೀಟು ಬಂತು, ಈಗ ಬೋಟಿನ ಸೀಟು, ಟಾಪು (ನೆತ್ತಿಯ ಮೇಲಿನ ಕ್ಯಾನ್ವಾಸಿನ ಮಾಡು), ಪರದೆ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ನನಗೆ ಇದೇ ಥರದ ಫೋನು ಬರುತ್ತದೆ. ಒಳ್ಳೆಯ ರೆಕ್ಸಿನ್ನು, ಒಳ್ಳೆಯ ಕ್ಯಾನ್ವಾಸು ಕಸದ ರಾಶಿಗೆ ಹೋಗುವುದನ್ನು ನೋಡಿ ನೋಡಿ ಬೇಜಾರಾಗಿದೆ. ಆದ್ದರಿಂದ ಈ ಒಂದು ಬೋಟಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ನನ್ನ ಕೈಯಿಂದ ಆದ ಒಂದು ತಪ್ಪನ್ನೂ ಸೇರಿಸಿ.

ಮೊದಲ ದಿನ ಕಂಡದ್ದು

ಬೋಟನ್ನು ಮೇ ಕೊನೆಗೆ ದಡಕ್ಕೆ ಎಳೆದು ತೆಂಗಿನ ತೋಟದಲ್ಲಿ ಇಟ್ಟಿದ್ದರು. ಮೇಲೆ ನೀಲಿ ಟಾರ್ಪಾಲು. ಒಂದು ಹನಿ ಮಳೆ ಒಳಗೆ ಹೋಗಬಾರದು ಅಂತ ಸುತ್ತಲೂ ನೆಲದವರೆಗೆ ಇಳಿಸಿ, ಹಗ್ಗ ಬಿಗಿದು, ಅಂಚಿನ ಮೇಲೆ ಕೆಂಪು ಕಲ್ಲು ಹೇರಿದ್ದರು. ಸೀಟುಗಳು, ಟಾಪು, ಪಕ್ಕದ ಪರದೆ ಎಲ್ಲ ಒಳಗೇ ಇದ್ದವು. ಮೂರು ತಿಂಗಳು ಯಾರೂ ತೆಗೆದು ನೋಡಿಲ್ಲ.

ಟಾರ್ಪಾಲು ಎತ್ತಿದ ತಕ್ಷಣ ಹಸಿ ಸೆಕೆ ಮುಖಕ್ಕೆ ಬಡಿಯಿತು. ಹೊರಗಿಗಿಂತ ಒಳಗೆ ಬಿಸಿ. ಟಾರ್ಪಾಲಿನ ಒಳಮೈ ತುಂಬಾ ನೀರಿನ ಹನಿ ಸಾಲುಗಟ್ಟಿತ್ತು. ಮಳೆ ಒಳಗೆ ಹೋಗಿಲ್ಲ, ಅದು ನಿಜ. ಒಳಗಿದ್ದ ತೇವ ಹೊರಗೂ ಬಂದಿಲ್ಲ.

ಒಟ್ಟು ಹತ್ತು ಕುಶನ್. ಎರಡೂ ಬದಿಗೆ ಎಂಟು ಉದ್ದ ಸೀಟು, ಮುಂದೆ ಎರಡು ಅಗಲದವು. ಬಿಳಿ ರೆಕ್ಸಿನ್. ಅದರ ಮೇಲೆ ಕರಿ ಚುಕ್ಕೆ ಎಳ್ಳು ಚೆಲ್ಲಿದ ಹಾಗೆ ಎದ್ದಿತ್ತು. ಹೊಲಿಗೆಯ ಉದ್ದಕ್ಕೂ ಚುಕ್ಕೆ ಒತ್ತೊತ್ತಾಗಿ ಗೆರೆಯಾಗಿತ್ತು. ಎರಡು ಸೀಟಿನ ಮೇಲೆ ಗುಲಾಬಿ ಬಣ್ಣದ ದೊಡ್ಡ ಮಚ್ಚೆ. ಟಾಪಿನ ಕ್ಯಾನ್ವಾಸು ಕಡುನೀಲಿ. ಮಡಿಸಿದ ಕಡೆಯೆಲ್ಲ ಬೂದಿ ಬಣ್ಣದ ಬೂಷ್ಟು. ಪಕ್ಕದ ಪರದೆಯ ಪಾರದರ್ಶಕ ಪ್ಲಾಸ್ಟಿಕ್ಕು ಹಾಲಿನ ಹಾಗೆ ಮಬ್ಬಾಗಿತ್ತು.

ಅಣ್ಣ ಫೋನು ಮಾಡುವ ಮೊದಲೇ ಮನೆಯವರು ಎರಡು ದಿನ ಒದ್ದಾಡಿದ್ದರು. ಮಗ ಒಂದು ಸೀಟಿಗೆ ಪೇಂಟಿನ ಥಿನ್ನರ್ ಹಾಕಿ ಉಜ್ಜಿದ್ದ. ಕರಿ ಹೋಗಿತ್ತು. ಜೊತೆಗೆ ರೆಕ್ಸಿನ್ನಿನ ಹೊಳಪೂ ಹೋಗಿತ್ತು. ಬೆರಳಿಟ್ಟರೆ ಅಂಟುತ್ತಿತ್ತು. ಸೊಸೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಕಲಸಿ ಇನ್ನೊಂದು ಸೀಟು ತೊಳೆದಿದ್ದಳು. ಸಾಲಲಿಲ್ಲ ಅಂತ ಅದೇ ಬಕೆಟ್ಟಿಗೆ ಕಕ್ಕಸು ತೊಳೆಯುವ ಆ್ಯಸಿಡ್ ಸುರಿದಿದ್ದಳು.

“ಅಕ್ಕಾ, ಒಂದೇ ಸಲಕ್ಕೆ ಉಸಿರು ಕಟ್ಟಿ ಹೋಯ್ತು. ಕಣ್ಣಲ್ಲಿ ನೀರು ಬಂದು ಅಂಗಳಕ್ಕೆ ಓಡಿದೆ” ಅಂದಳು.

ಓಡಿದ್ದೇ ಒಳ್ಳೆಯದಾಯಿತು. ಅಲ್ಲಿ ಎದ್ದದ್ದು ಕ್ಲೋರಿನ್ ಗಾಳಿ. ಬ್ಲೀಚಿನ ಜೊತೆ ಆ್ಯಸಿಡ್, ವಿನೆಗರ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಯಾವುದನ್ನೂ ಸೇರಿಸಬಾರದು. ಕಿಟಕಿ ಇಲ್ಲದ ಬಚ್ಚಲಲ್ಲಿ ಹೀಗೆ ಮಾಡಿದ್ದರೆ ಜೀವಕ್ಕೇ ಅಪಾಯ ಇತ್ತು. ಈ ಒಂದು ಮಾತನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ.

ಉಪ್ಪಿನ ಮರಿಗೆ

ಕರಿ ಚುಕ್ಕೆ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ನನಗೆ ಅನುಮಾನ ಇದ್ದದ್ದು ಕಾಣದ ವಸ್ತುವಿನ ಮೇಲೆ.

ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಮರಿಗೆ ನೋಡಿ. ಯಾರೂ ನೀರು ಹಾಕಿರುವುದಿಲ್ಲ. ಆದರೂ ಆಷಾಢ ಬಂದರೆ ಉಪ್ಪು ನೀರಾಗಿ ತಳದಲ್ಲಿ ನಿಂತಿರುತ್ತದೆ. ಸಾಣಿಕಟ್ಟಾದ ಕಲ್ಲುಪ್ಪಾದರೆ ಇನ್ನೂ ಜಾಸ್ತಿ. ಶುದ್ಧ ಉಪ್ಪು, ಗಾಳಿಯ ತೇವ ಶೇಕಡಾ 75 ದಾಟಿದರೆ ನೀರು ಎಳೆದುಕೊಳ್ಳಲು ಶುರು ಮಾಡುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸೇರಿರುತ್ತದೆ. ಅದು ಅದಕ್ಕಿಂತ ಎಷ್ಟೋ ಕಡಿಮೆ ತೇವದಲ್ಲೇ ಎಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚಾಗಿ 80ರ ಮೇಲೇ ಇರುತ್ತದೆ.

ಈಗ ಅದೇ ಉಪ್ಪು ಸೀಟಿನ ಸ್ಪಂಜಿನೊಳಗೆ, ಕ್ಯಾನ್ವಾಸಿನ ನೂಲಿನೊಳಗೆ ಕೂತಿದೆ ಅಂದುಕೊಳ್ಳಿ. ಎಷ್ಟು ಒಣಗಿಸಿ ಇಟ್ಟರೂ ಅದು ಗಾಳಿಯಿಂದ ನೀರು ಕುಡಿಯುತ್ತದೆ. ಬೂಷ್ಟಿಗೆ ಬೇಕಾದ್ದು ತೇವ, ಸ್ವಲ್ಪ ಕೊಳೆ, ನಿಂತ ಗಾಳಿ. ತೇವವನ್ನು ಉಪ್ಪು ಕೊಡುತ್ತದೆ. ಕೊಳೆಯನ್ನು ಜನರ ಬೆವರು, ತಲೆಗೆ ಹಚ್ಚಿದ ಎಣ್ಣೆ, ಸನ್‌ಸ್ಕ್ರೀನ್, ಚೆಲ್ಲಿದ ಚುರುಮುರಿ ಕೊಡುತ್ತವೆ. ಗಾಳಿ ನಿಲ್ಲಿಸುವ ಕೆಲಸವನ್ನು ಟಾರ್ಪಾಲು ಮಾಡಿತ್ತು.

“ಬೋಟು ಹೊಳೆಯಲ್ಲೇ ಓಡ್ತದೆ ತಂಗಿ, ಸಮುದ್ರಕ್ಕೆ ಹೋಗೂದೇ ಇಲ್ಲ. ಉಪ್ಪು ಎಲ್ಲಿಂದ ಬಂತು?” ಅಂತ ಅಣ್ಣ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಳಿವೆ ಅಂದ ಮೇಲೆ ಭರತದ ಹೊತ್ತಿಗೆ ಉಪ್ಪುನೀರು ಒಳಗೆ ಬಂದೇ ಬರುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಇನ್ನೂ ಮೇಲಕ್ಕೆ ಏರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಹೊನ್ನಾವರದ ಪಕ್ಕದ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ಸಮುದ್ರಸ್ನಾನ ಮುಗಿಸಿದ ಜನ ಒದ್ದೆ ಚಡ್ಡಿಯಲ್ಲೇ ಬೋಟು ಹತ್ತುತ್ತಾರೆ. ಒಂದು ಟ್ರಿಪ್ಪಿಗೆ ಹದಿನಾರು ಜನ ಸಮುದ್ರದ ನೀರನ್ನು ಸೀಟಿಗೆ ಹಿಂಡುತ್ತಾರೆ.

ಬಾಯಿಮಾತು ಸಾಲದು ಅಂತ ಒಂದು ಪರೀಕ್ಷೆ ಮಾಡಿದೆ. ಇದಕ್ಕೆ ಯಾವ ಸಾಮಾನೂ ಬೇಡ, ಎರಡು ಸ್ಟೀಲ್ ತಟ್ಟೆ ಸಾಕು. ಒಂದು ತಟ್ಟೆಗೆ ಬಾವಿಯ ನೀರು ನಾಲ್ಕು ಚಮಚ ಹಾಕಿದೆ. ಸೀಟಿನ ಅಡಿಯ ಬಟ್ಟೆ ಬಿಚ್ಚಿ, ಸ್ಪಂಜಿನ ಮೂಲೆಗೆ ಅದೇ ಬಾವಿಯ ನೀರು ಬಿಟ್ಟು, ಹಿಂಡಿ, ಬಂದ ನೀರನ್ನು ಇನ್ನೊಂದು ತಟ್ಟೆಗೆ ಹಾಕಿದೆ. ಎರಡನ್ನೂ ಬಿಸಿಲಿಗೆ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಬಾವಿನೀರಿನ ತಟ್ಟೆಯಲ್ಲಿ ಒಂದು ತೆಳು ಗೆರೆ ಉಳಿದಿತ್ತು. ಇನ್ನೊಂದರಲ್ಲಿ ಬಿಳಿ ಹುಡಿ ದಪ್ಪಗೆ ಕೂತಿತ್ತು. ಅಣ್ಣ ಬೆರಳಲ್ಲಿ ಒರೆಸಿ ನೋಡಿದರು. ಉಗುರಿನ ಸಂದಿಯಲ್ಲಿ ಹರಳು ಕಂಡಿತು. ಅವರು ಮತ್ತೇನೂ ಕೇಳಲಿಲ್ಲ.

ಸೀಟು ಬಿಚ್ಚಿದಾಗ

ರೆಕ್ಸಿನ್ನು ನೀರು ಬಿಡುವುದಿಲ್ಲ ಅಂತ ನಾವು ನಂಬಿರುತ್ತೇವೆ. ನಂಬಿಕೆ ಸರಿಯೇ. ಆದರೆ ಸೀಟಿನ ಅಂಚಿಗೆ ಹೊಲಿಗೆ ಇದೆಯಲ್ಲ, ಅದರ ಪ್ರತಿಯೊಂದು ಸೂಜಿ ತೂತೂ ನೀರಿಗೆ ಬಾಗಿಲು. ಜನ ಕೂತಾಗ ಸ್ಪಂಜು ಒತ್ತಿಕೊಳ್ಳುತ್ತದೆ. ಎದ್ದಾಗ ಉಬ್ಬಿ, ಆ ತೂತುಗಳಿಂದಲೇ ನೀರನ್ನು ಒಳಗೆ ಎಳೆಯುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಮೇಲೆ ರೆಕ್ಸಿನ್, ಕೆಳಗೆ ಹಲಗೆ. ಹೊಲಿಗೆಯ ಉದ್ದಕ್ಕೂ ಕರಿ ಗೆರೆ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಅಡಿಯ ಪಿನ್ನುಗಳು ಸಾದಾ ಕಬ್ಬಿಣದವು. ಇಕ್ಕಳದಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ತುಕ್ಕಿನ ಕಂದು ಕಲೆ ರೆಕ್ಸಿನ್ನಿನ ಅಂಚಿಗೆ ಇಳಿದಿತ್ತು. ಹಲಗೆ ಸಾದಾ ಪ್ಲೈವುಡ್. ಪದರ ಪದರ ಬಿಟ್ಟು ಹಳೇ ಪುಸ್ತಕದ ಹಾಗೆ ತೆರೆದುಕೊಂಡಿತ್ತು. ಗಾಳಿಯಾಡಲು ಒಂದು ತೂತೂ ಇರಲಿಲ್ಲ.

ಒಂದು ಉದ್ದ ಸೀಟಿನ ಸ್ಪಂಜನ್ನು ಮೀನು ತೂಗುವ ತಕ್ಕಡಿಗೆ ನೇತು ಹಾಕಿದೆ. ಆರು ಕಿಲೋ ಚಿಲ್ಲರೆ. ಆ ಅಳತೆಯ ಸ್ಪಂಜು ಒಣಗಿದ್ದರೆ ಎರಡು ಕಿಲೋ ಚಿಲ್ಲರೆ ಇರಬೇಕು. ಹೊರಗಿನಿಂದ ಮುಟ್ಟಿದರೆ ಒದ್ದೆ ಅನ್ನಿಸುತ್ತಲೇ ಇರಲಿಲ್ಲ.

ಸ್ಪಂಜನ್ನು ಬ್ಲೇಡಿನಲ್ಲಿ ಮೂಲೆಯಲ್ಲಿ ಸೀಳಿ ನೋಡಿದೆ. ನಾಲ್ಕರಲ್ಲಿ ಒಳಗಿನ ತನಕ ಕರಿ ಇಳಿದಿತ್ತು. ಅವನ್ನು ಅಲ್ಲೇ ಪಕ್ಕಕ್ಕೆ ಹಾಕಿದೆ. ಒಳಗೆ ಬೂಷ್ಟು ಬೆಳೆದ ಸ್ಪಂಜನ್ನು ತೊಳೆದು ಉಳಿಸುತ್ತೇನೆ ಅಂತ ಹೊರಡಬೇಡಿ. ವಾಸನೆ ಹೋಗುವುದಿಲ್ಲ, ಕೂತವರ ಉಸಿರಿಗೂ ಒಳ್ಳೆಯದಲ್ಲ. ಉಳಿದ ಆರು ಬರೇ ಹಳದಿಯಾಗಿ, ಉಪ್ಪು ಕುಡಿದು ಕೂತಿದ್ದವು. ಅವು ಉಳಿಯುವಂಥವು.

ತೊಳೆದದ್ದು

ಮೊದಲು ಸಿಹಿನೀರು, ಆಮೇಲೆ ಸಾಬೂನು, ಕಲೆಯ ಮದ್ದು ಕೊನೆಗೆ. ಜನ ಇದನ್ನು ಉಲ್ಟಾ ಮಾಡುತ್ತಾರೆ.

ಸಿಹಿನೀರಿನ ವಿಷಯದಲ್ಲಿ ನಮ್ಮ ಕಡೆ ಒಂದು ತೊಡಕಿದೆ. ಅಳಿವೆಯ ಹತ್ತಿರದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಸವಳಾಗುತ್ತವೆ. ಬೋಟು ಎತ್ತಿಡುವ ಸಮಯವೂ ಅದೇ. ಸವಳು ನೀರಲ್ಲಿ ತೊಳೆದರೆ ತೊಳೆದೂ ತೊಳೆಯದ ಹಾಗೆ. ಸೆಪ್ಟೆಂಬರಿನಲ್ಲಿ ಬಾವಿ ತುಂಬಿ ನೀರು ಸಿಹಿಯಾಗಿರುತ್ತದೆ. ನಮಗೆ ಆ ಅನುಕೂಲ ಸಿಕ್ಕಿತು.

ಸ್ಪಂಜುಗಳನ್ನು ಅಂಗಳದ ತೊಟ್ಟಿಯಲ್ಲಿ ಹಾಕಿ ಕಂಬಳಿ ತುಳಿಯುವ ಹಾಗೆ ಕಾಲಲ್ಲಿ ತುಳಿದೆವು. ಹಿಂಡಿ ತಿರುಚಲಿಲ್ಲ, ತಿರುಚಿದರೆ ಸ್ಪಂಜು ಹರಿಯುತ್ತದೆ. ನೀರು ಬದಲಿಸಿ ಮತ್ತೆ ತುಳಿತ. ಪ್ರತಿ ಸಲವೂ ತಟ್ಟೆಯ ಪರೀಕ್ಷೆ. ಬಾವಿನೀರಿನ ತಟ್ಟೆಗೂ ಇದಕ್ಕೂ ವ್ಯತ್ಯಾಸ ಕಾಣದೆ ಹೋದದ್ದು ಐದನೇ ನೀರಿಗೆ.

ರೆಕ್ಸಿನ್ನಿನ ಕವರುಗಳಿಗೆ ಸೌಮ್ಯ ಸಾಬೂನು ನೀರು, ಮೆತ್ತಗಿನ ಬ್ರಷ್ಷು. ತೆಂಗಿನ ನಾರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬು ಎರಡೂ ಬೇಡ. ಬೋಟಿನ ರೆಕ್ಸಿನ್ನಿನ ಮೇಲೆ ತೆಳುವಾದ ಒಂದು ರಕ್ಷಣೆಯ ಪದರ ಇರುತ್ತದೆ. ಅದು ಹೋದರೆ ಕೊಳೆ ಬೇಗ ಕೂರುತ್ತದೆ. ಥಿನ್ನರ್ ಮಾಡಿದ್ದು ಇದನ್ನೇ, ಇದಕ್ಕಿಂತ ಜಾಸ್ತಿಯನ್ನೇ. ರೆಕ್ಸಿನ್ ಮೆತ್ತಗಿರಲು ಅದರ ಪಿವಿಸಿ ಪ್ಲಾಸ್ಟಿಕ್ಕಿನೊಳಗೆ ಒಂದು ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ಥಿನ್ನರ್ ಅದನ್ನು ಹೊರಗೆ ಎಳೆಯುತ್ತದೆ. ಈಗ ಅಂಟಂಟು, ನಾಲ್ಕು ಬಿಸಿಲು ಕಂಡ ಮೇಲೆ ಬಿರುಕು. ಆ ಕವರನ್ನು ಉಳಿಸಲು ಆಗಲಿಲ್ಲ.

ಸಾಬೂನಿಗೆ ಹೋಗದ ಚುಕ್ಕೆಗಳಿಗೆ ಮರುದಿನ ಬಿಳಿ ವಿನೆಗರ್, ಸಮಪಾಲು ನೀರು ಸೇರಿಸಿ ಹಚ್ಚಿದೆ. ಹತ್ತು ನಿಮಿಷ ಬಿಟ್ಟು ಒರೆಸಿ, ಧಾರಾಳ ನೀರು ಹೊಯ್ದೆ. ಬ್ಲೀಚಿಂಗ್ ಪೌಡರ್ ಹಾಕಿದ್ದ ಸೀಟಿಗೆ ಮಾತ್ರ ವಿನೆಗರ್ ಮುಟ್ಟಿಸಲಿಲ್ಲ. ಹೊಲಿಗೆಯ ಸಂದಿಯಲ್ಲಿ ಪುಡಿ ಉಳಿದಿದ್ದರೆ ಮತ್ತೆ ಅದೇ ಗಾಳಿ ಏಳುತ್ತದೆ ಅನ್ನುವ ಹೆದರಿಕೆ.

ಚುಕ್ಕೆಗಳಲ್ಲಿ ಹೆಚ್ಚಿನವು ಹೋದವು. ಗುಲಾಬಿ ಮಚ್ಚೆ ಹೋಗಲಿಲ್ಲ. ಹೋಗುವುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಅದು ಮೇಲಿನಿಂದ ಬಿದ್ದ ಕಲೆಯಲ್ಲ. ರೆಕ್ಸಿನ್ನಿನ ಹಿಂಬದಿಯಲ್ಲಿ, ಸ್ಪಂಜು ತಾಗುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಒಂದು ಬಣ್ಣ ಬಿಡುತ್ತವೆ. ಆ ಬಣ್ಣ ಪಿವಿಸಿಯೊಳಗಿನ ಎಣ್ಣೆಯಲ್ಲಿ ಕರಗಿ ನಿಧಾನಕ್ಕೆ ಮೇಲಕ್ಕೆ ಬರುತ್ತದೆ. ಮೇಲೆ ಕಾಣುವ ಹೊತ್ತಿಗೆ ರೆಕ್ಸಿನ್ನಿನ ದಪ್ಪ ಪೂರ್ತಿ ಬಣ್ಣ ಹಿಡಿದಿರುತ್ತದೆ. ಅದನ್ನು ತೆಗೆಯುತ್ತೇನೆ ಅಂತ ಉಜ್ಜುತ್ತಾ ಹೋದರೆ ರೆಕ್ಸಿನ್ನೇ ಸವೆಯುತ್ತದೆ. ಹಿಂಬದಿ ತೊಳೆದು ಒಣಗಿಸಿದೆ, ಮಚ್ಚೆ ಬೆಳೆಯುವುದು ನಿಲ್ಲಲಿ ಅಂತ. “ಇರ್ಲಿ ಬಿಡು, ಹಿಂದಿನ ಸಾಲಿಗೆ ಹಾಕ್ವ” ಅಂದರು ಅಣ್ಣ.

ಟಾಪು

ಕ್ಯಾನ್ವಾಸಿಗೆ ಕೈ ಹಾಕುವ ಮೊದಲು ಅದು ಯಾವ ಬಟ್ಟೆ ಅಂತ ಗೊತ್ತಾಗಬೇಕು. ಹತ್ತಿಯದ್ದಾದರೆ ಬ್ಲೀಚು ಬಣ್ಣ ತೆಗೆದು ನೂಲನ್ನು ಬಲಹೀನ ಮಾಡುತ್ತದೆ. ಅಂಚಿನಿಂದ ಒಂದು ನೂಲು ಕಿತ್ತು ಬೆಂಕಿ ತೋರಿಸಿದೆ. ಹತ್ತಿ ಆಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತಿತ್ತು. ಇದು ಕರಗಿ ಗಟ್ಟಿ ಮಣಿಯಾಯಿತು. ಒಳ ಅಂಚನ್ನು ತಿರುವಿದಾಗ ಅರ್ಧ ಹರಿದ ಚೀಟಿ ಸಿಕ್ಕಿತು, ಸನ್‌ಬ್ರೆಲ್ಲಾ ಕಂಪನಿಯ ಬಟ್ಟೆ. ಗೋವಾದ ಹಳೇ ಮಾಲೀಕರು ಒಳ್ಳೆಯದನ್ನೇ ಹಾಕಿಸಿದ್ದರು.

ಇದು ಅಕ್ರಿಲಿಕ್ ಬಟ್ಟೆ. ನೂಲು ತಯಾರಾಗುವಾಗಲೇ ಬಣ್ಣ ಒಳಗೆ ಸೇರಿರುತ್ತದೆ. ಅರಿಶಿನದ ಕೊಂಬನ್ನು ಎಲ್ಲಿ ಮುರಿದರೂ ಹಳದಿಯೇ ಇರುತ್ತದಲ್ಲ, ಹಾಗೆ. ಆದ್ದರಿಂದ ಬ್ಲೀಚು ಹಾಕಿದರೂ ಬಣ್ಣ ಹೋಗುವುದಿಲ್ಲ. ಬೂಷ್ಟು ಈ ನೂಲನ್ನು ತಿನ್ನುವುದೂ ಇಲ್ಲ, ನೂಲಿನ ಮೇಲಿನ ಕೊಳೆಯಲ್ಲಿ ಬೆಳೆಯುತ್ತದೆ ಅಷ್ಟೆ. ಈ ಬಟ್ಟೆಯನ್ನು ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಅಂಗಳಕ್ಕೆ ಸಗಣಿ ಸಾರಿಸಿದ್ದರು. ಅದರ ಮೇಲೆ ಹಳೇ ಫ್ಲೆಕ್ಸು ಹಾಸಿ ಟಾಪು ಹರಡಿದೆವು. ಮೊದಲು ಒಣ ಬ್ರಷ್ಷಿನಲ್ಲಿ ಧೂಳು, ಹಕ್ಕಿ ಹಿಕ್ಕೆ ತೆಗೆದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡೆವು, ಒಣ ಬೂಷ್ಟು ಹಾರುತ್ತದೆ. ಆಮೇಲೆ ಪೈಪಿನಲ್ಲಿ ಸಿಹಿನೀರು. ಕಾರು ತೊಳೆಯುವ ಪ್ರೆಶರ್ ಪಂಪು ತರುತ್ತೇನೆ ಅಂತ ಮಗ ಹೊರಟಿದ್ದ, ಬೇಡ ಅಂದೆ. ಆ ಒತ್ತಡಕ್ಕೆ ಹೊಲಿಗೆ ಬಿಡುತ್ತದೆ, ಬಟ್ಟೆಯ ನೀರು ತಡೆಯುವ ಲೇಪ ಹಾರಿಹೋಗುತ್ತದೆ.

ಬೂಷ್ಟಿಗೆ ನಾನು ಹಾಕಿದ ಅಳತೆ ಇದು. 4 ಲೀಟರ್ ನೀರಿಗೆ 250 ಮಿಲಿ ಲಿಕ್ವಿಡ್ ಬ್ಲೀಚು, 60 ಮಿಲಿ ಸೌಮ್ಯವಾದ ಲಿಕ್ವಿಡ್ ಸೋಪು. ಲಿಕ್ವಿಡ್ ಬ್ಲೀಚು ಅಂದರೆ ಸೋಡಿಯಂ ಹೈಪೋಕ್ಲೋರೈಟು, ಬಟ್ಟೆಗೆ ಹಾಕುವಂಥದ್ದು. ಬಾವಿಯ ಬ್ಲೀಚಿಂಗ್ ಪೌಡರ್ ಬೇರೆ. ಅದು ಕಲಸಿದರೆ ಸುಣ್ಣದ ಗಸಿ ಬಿಡುತ್ತದೆ. ಗಸಿ ಬಟ್ಟೆಯೊಳಗೆ ಕೂರುತ್ತದೆ. ಕೈಗೆ ಗ್ಲೌಸು ಹಾಕಿ, ಮೂಲೆಯಲ್ಲಿ ಹಚ್ಚಿ ನೋಡಿ, ಆಮೇಲೆ ಪೂರ್ತಿ ಹಚ್ಚಿದೆ. 15 ನಿಮಿಷ ನೆನೆಯಲು ಬಿಟ್ಟು ಸ್ಪಂಜಿನಲ್ಲಿ ಒರೆಸಿ ತೊಳೆದೆ. ಮಡಿಕೆ ಇದ್ದ ಕಡೆ ಬೂದಿ ಬಣ್ಣ ಸ್ವಲ್ಪ ಉಳಿಯಿತು. ಎರಡು ದಿನ ಬಿಟ್ಟು ಇನ್ನೊಂದು ಸಲ. ಎರಡನೇ ಸಲಕ್ಕೆ ಕಡುನೀಲಿ ಪೂರ್ತಿ ಎದ್ದು ಬಂತು. ತೊಳೆಯುವಾಗ ವಾಸನೆ ಪೂರ್ತಿ ಹೋಗುವ ತನಕ ನೀರು ಹೊಯ್ಯಬೇಕು. ಉಳಿದ ಬ್ಲೀಚು ಬಟ್ಟೆಗಿಂತ ಮೊದಲು ಹೊಲಿಗೆಯ ದಾರವನ್ನು ಹಾಳು ಮಾಡುತ್ತದೆ.

ದಾರದ ಕತೆ ಬೇರೆಯೇ ಇತ್ತು. ನೆತ್ತಿಯ ಮೇಲಿನ ಉದ್ದ ಹೊಲಿಗೆಯನ್ನು ಉಗುರಿನಲ್ಲಿ ಕೆರೆದೆ. ದಾರ ಪುಡಿ ಪುಡಿಯಾಗಿ ಉದುರಿತು. ಅದೇ ಹೊಲಿಗೆಯ ಒಳಬದಿಯ ದಾರ ಗಟ್ಟಿಯಾಗಿತ್ತು. ಅಂದರೆ ಇದು ನೀರಿನ ಕೆಲಸ ಅಲ್ಲ, ಬಿಸಿಲಿನದ್ದು. ಬಟ್ಟೆ ಹತ್ತು ವರ್ಷ ಬಂದರೂ ಪಾಲಿಯೆಸ್ಟರ್ ದಾರ ಅಷ್ಟು ಬರುವುದಿಲ್ಲ, ನೈಲಾನ್ ಇನ್ನೂ ಬೇಗ ಹೋಗುತ್ತದೆ. ಜನ ಟಾಪು ಹರಿಯಿತು ಅನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ಬಟ್ಟೆ ಹರಿದೇ ಇರುವುದಿಲ್ಲ, ಹೊಲಿಗೆ ಬಿಟ್ಟಿರುತ್ತದೆ. ಹಳೇ ತೂತುಗಳಲ್ಲೇ ಸೂಜಿ ಇಳಿಯುವ ಹಾಗೆ ನಿಧಾನಕ್ಕೆ ಎಲ್ಲಾ ಹೊಲಿಗೆಯನ್ನೂ ಮತ್ತೆ ಹಾಕಿದೆ. ಹೊಸ ತೂತು ಅಂದರೆ ಹೊಸ ಸೋರಿಕೆ. ಯುವಿ ತಡೆಯುವ ದಪ್ಪ ಪಾಲಿಯೆಸ್ಟರ್ ದಾರ ಬಳಸಿದೆ. ಪಿಟಿಎಫ್‌ಇ (ಟೆಫ್ಲಾನ್) ದಾರ ಬಿಸಿಲಿಗೆ ಜಗ್ಗುವುದೇ ಇಲ್ಲ, ಆದರೆ ಅದರ ಬೆಲೆ ಅಣ್ಣನ ಜೇಬಿಗೆ ಭಾರವಾಗುತ್ತಿತ್ತು.

ಒಣಗಿದ ಮೇಲೆ ಚೊಂಬಿನಿಂದ ನೀರು ಚಿಮುಕಿಸಿ ನೋಡಿದೆ. ಕೆಸುವಿನ ಎಲೆಯ ಮೇಲೆ ಹನಿ ಉರುಳುತ್ತದಲ್ಲ, ಹೊಸ ಕ್ಯಾನ್ವಾಸಿನಲ್ಲಿ ಹಾಗೆ ಉರುಳಬೇಕು. ಇಲ್ಲಿ ನೀರು ಹರಡಿ ಇಂಗಿತು. ಲೇಪ ಹೋಗಿದೆ ಅಂತ ಅರ್ಥ. ಬ್ಲೀಚಿನಲ್ಲಿ ತೊಳೆದ ಮೇಲೆ ಹೀಗಾಗುವುದು ಸಹಜ. ಫ್ಯಾಬ್ರಿಕ್ ಗಾರ್ಡ್ ಸ್ಪ್ರೇ ತರಿಸಿ, ಪೂರ್ತಿ ಒಣಗಿದ ಬಟ್ಟೆಯ ಮೇಲೆ ತೆಳುವಾಗಿ ಎರಡು ಸಲ ಹೊಡೆದೆ. ಮರುದಿನ ಹನಿ ಉರುಳಿತು.

ಪರದೆಯ ಪಾರದರ್ಶಕ ಪ್ಲಾಸ್ಟಿಕ್ಕಿನ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿ ಒರೆಸಿ ಉಪ್ಪಿನ ಹರಳೇ ಗೀರಿತ್ತು. ಎರಡು ತುಂಡು ಬದಲಿಸಿದೆ, ಎರಡನ್ನು ತೊಳೆದು ಉಳಿಸಿದೆ. ಮೊದಲು ನೀರು ಹೊಯ್ದು ಉಪ್ಪು ಕರಗಿಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಡಿಸಬಾರದು. ನಡುವೆ ಹಳೇ ಪಂಚೆ ಇಟ್ಟು ಸುರುಳಿ ಸುತ್ತಬೇಕು.

ನನ್ನ ತಪ್ಪು

ದಸರಾ ಹತ್ತಿರ ಬರುತ್ತಿತ್ತು. ಸ್ಪಂಜುಗಳನ್ನು ನೆರಳಲ್ಲಿ, ಗಾಳಿ ಬೀಸುವ ಜಗಲಿಯಲ್ಲಿ ನಿಲ್ಲಿಸಿ ಒಣಗಿಸುತ್ತಿದ್ದೆವು. ಮಲಗಿಸಿದರೆ ನೀರು ನಡುವೆ ಉಳಿಯುತ್ತದೆ. ನಿಲ್ಲಿಸಿದರೆ ಕೆಳಗಿನ ಅಂಚಿಗೆ ಇಳಿಯುತ್ತದೆ. ಅರ್ಧ ದಿನಕ್ಕೊಮ್ಮೆ ತಲೆಕೆಳಗು ಮಾಡಬೇಕು. ನಾಲ್ಕನೇ ದಿನ ಮುಟ್ಟಿ ನೋಡಿದೆ, ಒಣಗಿದೆ ಅನ್ನಿಸಿತು. ಒಂದು ಸೀಟಿಗೆ ಕವರು ಹಾಕಿ ಪಿನ್ನು ಹೊಡೆದು ಮುಗಿಸಿದೆ.

ಮೂರು ದಿನ ಕಳೆದು ಆ ಸೀಟಿಗೆ ಮೂಗು ಹಚ್ಚಿದೆ. ಅದೇ ಹಳೇ ವಾಸನೆ.

ಪೂರ್ತಿ ಬಿಚ್ಚಿದೆ. ಅಷ್ಟು ಪಿನ್ನೂ ದಂಡ. ಕೈಯನ್ನು ನಂಬಿದ್ದೇ ತಪ್ಪು. ಉಳಿದ ಸ್ಪಂಜುಗಳನ್ನು ದಿನಾ ಬೆಳಿಗ್ಗೆ ಮೀನಿನ ತಕ್ಕಡಿಗೆ ಹಾಕಿ ತೂಕ ಬರೆದಿಟ್ಟೆ. ಸೊಸೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದಳು. ದಿನಾ ಇಳಿಯುತ್ತಿತ್ತು. ಎರಡು ದಿನ ಸಾಲಾಗಿ ಅದೇ ತೂಕ ಬಂದ ಮೇಲೆ ಒಣಗಿದೆ ಅಂತ ಲೆಕ್ಕ. ಹೆಚ್ಚಿನವಕ್ಕೆ ಎಂಟು ದಿನ ಬೇಕಾಯಿತು. ದಪ್ಪ ಇದ್ದ ಮುಂದಿನ ಎರಡಕ್ಕೆ ಫ್ಯಾನ್ ಹಾಕಿದರೂ ಹತ್ತು ದಿನ.

ಮತ್ತೆ ಜೋಡಿಸಿದಾಗ ಕೆಲವನ್ನು ಬದಲಿಸಿದೆ. ಹಲಗೆ ಎಲ್ಲ ಹೊಸದು, ಐಎಸ್ 710 ಗುರುತಿನ ಮೆರೈನ್ ಪ್ಲೈ. ಅದಕ್ಕೆ ಒಂದು ಗೇಣಿಗೊಂದರಂತೆ ಒಂದಿಂಚಿನ ತೂತು ಕೊರೆದು, ತೂತಿನ ಒಳ ಅಂಚಿಗೂ ಎಪಾಕ್ಸಿ ಬಳಿದೆ. ಕೊರೆದ ತೂತಿನಿಂದಲೇ ನೀರು ಪ್ಲೈಯೊಳಗೆ ಹೋಗುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಅಡಿಗೆ ರೆಕ್ಸಿನ್ ಬದಲು ಜಾಳಿಗೆ ಬಟ್ಟೆ. ಪಿನ್ನು, ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ 316 ದರ್ಜೆಯ ಸ್ಟೀಲಿನದ್ದು. ನಾಲ್ಕು ಹೊಸ ಸ್ಪಂಜು, ಒಂದು ಹೊಸ ಕವರು. ಎಲ್ಲ ಸೇರಿ, ಪೂರ್ತಿ ಹೊಸದು ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ಅರ್ಧಕ್ಕಿಂತ ಕಡಿಮೆ ಬಿತ್ತು. ಬೋಟು ದಸರಾ ರಜೆಯ ಎರಡನೇ ದಿನ ನೀರಿಗಿಳಿಯಿತು. ಒಂದು ದಿನ ತಡ, ಅದು ನನ್ನ ಆ ಒಂದು ಸೀಟಿನಿಂದ.

ಮುಂದಿನ ಮಳೆಗಾಲ

ಸೀಸನ್ ಪೂರ್ತಿ ಸೊಸೆ ಒಂದು ಕ್ರಮ ಇಟ್ಟುಕೊಂಡಳು. ಕೊನೆಯ ಟ್ರಿಪ್ಪು ಮುಗಿದ ಮೇಲೆ ಸೀಟಿನ ಮೇಲೆ ಎರಡು ಕೊಡ ಸಿಹಿನೀರು. ಒಣ ಬಟ್ಟೆಯಲ್ಲಿ ಒರೆಸು. ಸೀಟುಗಳನ್ನು ಎತ್ತಿ ಅಂಚಿನ ಮೇಲೆ ನಿಲ್ಲಿಸಿ ರಾತ್ರಿ ಬಿಡು. ಹತ್ತು ನಿಮಿಷದ ಕೆಲಸ. ಸಮುದ್ರಸ್ನಾನ ಮಾಡಿ ಬಂದವರಿಗೆ ಹತ್ತುವಾಗ ಒಂದೊಂದು ಹಳೇ ಟವೆಲ್ಲು ಕೊಡುತ್ತಾರೆ, ಹಾಸಿಕೊಂಡು ಕೂರಲು. ಯಾರೂ ಬೇಡ ಅನ್ನಲಿಲ್ಲವಂತೆ.

ಮೇ ತಿಂಗಳ ನಡುವೆ ನನ್ನನ್ನು ಕರೆದರು. ಬಾವಿನೀರು ಸವಳಾಗಿತ್ತು. ತಟ್ಟೆಯಲ್ಲೇ ಗೊತ್ತಾಯಿತು. ಪಂಚಾಯತಿ ನಳದ ನೀರು ಹಿಡಿದಿಟ್ಟು ಸೀಟು ತೊಳೆದೆವು. ಟಾಪಿಗೆ ಅಷ್ಟು ನೀರು ಸಾಲದು. ಅಡ್ಡಮಳೆ ಬರುವುದನ್ನೇ ಕಾದು, ಬಂದ ದಿನ ಟಾಪನ್ನು ಎರಡು ತೆಂಗಿನ ಮರದ ನಡುವೆ ಇಳಿಜಾರಾಗಿ ಕಟ್ಟಿದೆವು. ಮುಕ್ಕಾಲು ಗಂಟೆ ಹೊಯ್ದಿತು. ಮರುದಿನ ಚುರುಕು ಬಿಸಿಲು, ಒಣಗಿತು.

ಬೋಟಿನ ಮೇಲೆ ಈ ಸಲವೂ ಅದೇ ಟಾರ್ಪಾಲು. ಆದರೆ ನಡುವೆ ಅಡಿಕೆ ಮರದ ಬೆನ್ನು ಕೊಟ್ಟು ಮನೆಯ ಮಾಡಿನ ಹಾಗೆ ಇಳಿಸಿದರು. ಕೆಳಗೆ ಎರಡು ಗೇಣು ಖಾಲಿ, ಎರಡೂ ತುದಿ ತೆರೆದದ್ದು. ಎರಚಲು ಬರುವ ಪಡುವಣ ದಿಕ್ಕಿಗೆ ಮಡಲಿನ ತಟ್ಟಿ. “ನಮ್ಮಪ್ಪ ದೋಣಿ ಇಡ್ತಿದ್ದದ್ದೂ ಹಿಂಗೇಯ. ಟಾರ್ಪಾಲು ಬಂದ ಮೇಲೆ ನಾವೇ ಬಿಟ್ಟದ್ದು” ಅಂದರು ಅಣ್ಣ. ತಟ್ಟಿ ಕಟ್ಟುವಾಗ ಅವರ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೀಟುಗಳನ್ನು ಎಲ್ಲಿಡುವುದು ಅಂತ ಮಾತು ಬಂತು. ನಾನು ಅಟ್ಟ ಅಂದೆ. ಸೊಸೆ ಬೇಡ ಅಂದಳು. ಬಚ್ಚಲ ಒಲೆಯ ಆಚೆಬದಿಗೆ ಒಂದು ಸಣ್ಣ ಕೋಣೆ ಇದೆ. ದಿನಾ ಬೆಳಿಗ್ಗೆ ಸಂಜೆ ಸ್ನಾನಕ್ಕೆ ನೀರು ಕಾಯಿಸುವಾಗ ಆ ಗೋಡೆ ಬೆಚ್ಚಗಾಗುತ್ತದೆ. ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸುವುದೂ ಅಲ್ಲೇ. ಹೊಗೆ ಈಚೆ ಬರುವುದಿಲ್ಲ. ಹತ್ತೂ ಸೀಟನ್ನು ಗೋಡೆಯಿಂದ ಒಂದು ಮೊಳ ಬಿಟ್ಟು, ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿದೆವು. ನನಗೆ ಹೊಳೆಯದ ಜಾಗ ಅದು. ಈಗ ಬೇರೆಯವರಿಗೂ ಅದನ್ನೇ ಹೇಳುತ್ತೇನೆ.

ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು ಬಂದ ಸಂಜೆ ಕೋಣೆ ತೆಗೆದು ನೋಡಿದರಂತೆ, ಫೋಟೋ ಕಳಿಸಿದ್ದರು. ಸೆಪ್ಟೆಂಬರಿನಲ್ಲಿ ನಾನೇ ಹೋದೆ. ಮುಂದಿನ ಎರಡು ಅಗಲ ಸೀಟಿನ ಕೆಳ ಅಂಚಿನಲ್ಲಿ ಏಳೆಂಟು ಕರಿ ಚುಕ್ಕೆ ಇತ್ತು. ಸಾಬೂನು ನೀರಿಗೆ ಹೋಯಿತು. ಉಳಿದ ಎಂಟು ಸ್ವಚ್ಛ. ಮೂಗು ಹಚ್ಚಿ ನೋಡಿದೆ, ಬೆಚ್ಚನೆ ಗೋಡೆಯ ಮಣ್ಣಿನ ವಾಸನೆ. ಗುಲಾಬಿ ಮಚ್ಚೆ ಅಷ್ಟೇ ಇದೆ, ಬೆಳೆದಿಲ್ಲ. ಹೋದ ವರ್ಷ ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ, ಮಚ್ಚೆ ಗೆರೆಯೊಳಗೇ ಇದೆ.

ಎಡಬದಿಯ ಪರದೆಯ ಜಿಪ್ಪು ಮಾತ್ರ ಬಿಗಿಯಾಗಿದೆ. ಹಲ್ಲು ಪ್ಲಾಸ್ಟಿಕ್ಕಿನದ್ದು, ಸರಿ ಇದೆ. ಓಡುವ ಗುಂಡಿ ಲೋಹದ್ದು, ಹಸಿರು ಕಿಲುಬು ಹಿಡಿದಿದೆ. ಮಗ ತೆಂಗಿನೆಣ್ಣೆ ಬಿಡಲು ಹೊರಟಿದ್ದ. ಎಣ್ಣೆಗೆ ಮರಳು ಅಂಟುತ್ತದೆ ಅಂತ ತಡೆದು, ಬಿಸಿನೀರಲ್ಲಿ ತೊಳೆದು ಮೇಣದ ಬತ್ತಿ ಉಜ್ಜಿ ಬಂದಿದ್ದೇನೆ. ಸ್ಟೀಲಿನ ಗುಂಡಿ ತರಿಸಬೇಕು.